ಒಂದೇ ಪಾನಾ ಸಾಕಾಗುವ ಟ್ರ್ಯಾಕ್ಟರ್: ಹ್ಯಾರಿ ಫರ್ಗುಸನ್ ಕಥೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಮ್ಮ ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕಿನಲ್ಲಿ ಹಳೇ ಟ್ರ್ಯಾಕ್ಟರ್ ಬಗ್ಗೆ ಮಾತು ಬಂದರೆ ಮ್ಯಾಸಿ ಅನ್ನೋ ಹೆಸರು ಬರದೇ ಇರಲ್ಲ. ಬಾನೆಟ್ ಮೇಲೆ ನೋಡಿದರೆ ಎರಡು ಹೆಸರು ಇರುತ್ತವೆ, ಮ್ಯಾಸಿ ಫರ್ಗುಸನ್ ಅಂತ. ಜನರ ಬಾಯಲ್ಲಿ ಉಳಿದಿದ್ದು ಮೊದಲನೇ ಹೆಸರು ಮಾತ್ರ. ಮ್ಯಾಸಿ ಕೆನಡಾದ ಒಂದು ಹಳೆಯ ಕಂಪನಿಯ ಹೆಸರು. ಆದರೆ ಟ್ರ್ಯಾಕ್ಟರ್ ಹಿಂದೆ ರೆಂಟೆ, ಕುಂಟೆ, ಕೂರಿಗೆ, ರೋಟವೇಟರ್ ಸಿಕ್ಕಿಸಿ ಲಿವರ್ ಎಳೆದರೆ ಮೇಲೆ ಏಳುತ್ತಲ್ಲ, ಆ ಮೂರು ತೋಳಿನ ವ್ಯವಸ್ಥೆ ಬಂದಿದ್ದು ನಾವು ಮರೆತ ಆ ಎರಡನೇ ಹೆಸರಿನವರಿಂದ. ಇವತ್ತು ಯಾವ ಕಂಪನಿಯ ಟ್ರ್ಯಾಕ್ಟರ್ ತಗೊಂಡರೂ ಹಿಂಭಾಗ ಹೆಚ್ಚು ಕಡಿಮೆ ಅವರದೇ.

ಅವರ ಇನ್ನೊಂದು ಗುರುತು ಗ್ಯಾರೇಜಿನಲ್ಲಿ ಸಿಗುತ್ತೆ. ಹಳೇ ಮ್ಯಾಸಿ ಬಿಚ್ಚೋಕೆ ಕೂತರೆ ಮೊದಲು ಕಾಡೋದು ಪಾನಾ. 17ರ ಪಾನಾ ನಟ್ಟಿನ ಮೇಲೆ ಕೂರಲ್ಲ, 18ರದ್ದು ಕೂತು ಜಾರುತ್ತೆ. ಜೋರಾಗಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತೆ. ಆಮೇಲೆ ಉಳಿ, ಸುತ್ತಿಗೆ, ಗ್ಯಾಸ್ ಕಟರ್ ತನಕ ಹೋಗಬೇಕು. ಬಿತ್ತನೆ ಹೊತ್ತಿನಲ್ಲಿ ಅರ್ಧ ದಿನ ಹೋದರೆ ಹೊಲದ ಹದವೇ ಹೋಗುತ್ತೆ. ಜಗಳೂರಿನಂಥ ಮಳೆ ಕಡಿಮೆ ಬೀಳುವ ಕಡೆ ಆ ಅರ್ಧ ದಿನಕ್ಕೆ ಎಷ್ಟು ಬೆಲೆ ಅಂತ ಅಲ್ಲಿನ ಗೆಳೆಯರನ್ನು ಕೇಳಿ. ತಮಾಷೆ ಅಂದರೆ, ರೈತನಿಗೆ ಪಾನಾ ಹುಡುಕುವ ಗೋಳೇ ಇರಬಾರದು ಅಂತ ತಲೆ ಕೆಡಿಸಿಕೊಂಡ ಎಂಜಿನಿಯರ್ ಇದೇ ಫರ್ಗುಸನ್. ಅದಕ್ಕೇ ಈ ಸಲ ಅವರ ಕಥೆ ಬರೆಯೋಣ ಅನ್ನಿಸಿತು.

ಹೊಲ ಬಿಟ್ಟು ಗ್ಯಾರೇಜಿಗೆ

ಹ್ಯಾರಿ ಫರ್ಗುಸನ್ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಡೌನ್ ಕೌಂಟಿಯ ಡ್ರೊಮೋರ್ ಊರಿನ ಹತ್ತಿರದ ಗ್ರೋವೆಲ್ ಎಂಬಲ್ಲಿ. ಒಕ್ಕಲುತನದ ಮನೆ. ತಂದೆ ಬಹಳ ಕಟ್ಟುನಿಟ್ಟಿನ ದೈವಭಕ್ತರು. ಹನ್ನೊಂದು ಮಕ್ಕಳಲ್ಲಿ ಹ್ಯಾರಿ ಒಬ್ಬರು. ಹೊಲದ ಕೆಲಸ ಅವರಿಗೆ ಹಿಡಿಸಲಿಲ್ಲ. ಕುದುರೆ ಹಿಂದೆ ನೇಗಿಲು ಹಿಡಿದು ದಿನವಿಡೀ ನಡೆಯುವ ದುಡಿಮೆ ಎಷ್ಟು ಕಷ್ಟ ಅಂತ ಚಿಕ್ಕಂದಿನಲ್ಲೇ ಮೈಮೇಲೆ ಅನುಭವಿಸಿದ್ದರು.

1902ರಲ್ಲಿ ಅಣ್ಣ ಜೋ ಬೆಲ್‌ಫಾಸ್ಟ್ ನಗರದಲ್ಲಿ ನಡೆಸುತ್ತಿದ್ದ ಸೈಕಲ್ ಮತ್ತು ಕಾರ್ ರಿಪೇರಿ ಅಂಗಡಿಗೆ ಸೇರಿಕೊಂಡರು. ಅಲ್ಲಿ ಅವರ ಕೈ ಕುದುರಿತು. ಎಂಜಿನ್ ಟ್ಯೂನ್ ಮಾಡುವುದರಲ್ಲಿ ಹೆಸರು ಮಾಡಿದರು. ಮೋಟಾರ್ ಸೈಕಲ್ ರೇಸ್, ಕಾರ್ ರೇಸ್ ಎಲ್ಲದರಲ್ಲೂ ಇಳಿದರು. ಆಮೇಲೆ ವಿಮಾನದ ಹುಚ್ಚು ಹಿಡಿಯಿತು. ರೈಟ್ ಸಹೋದರರು ಹಾರಿ ಆಗಿನ್ನೂ ಆರೇ ವರ್ಷ ಆಗಿತ್ತು. ಅಂಗಡಿಯಲ್ಲೇ ಒಂದು ವಿಮಾನ ಕಟ್ಟಿ, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಹಾರಿಸಿದರು. ಹಾರಿದ್ದು 130 ಗಜ, ನಮ್ಮ ಲೆಕ್ಕದಲ್ಲಿ 120 ಮೀಟರ್ ಆಸುಪಾಸು, ಅಷ್ಟೇ. ಆದರೆ ಐರ್ಲೆಂಡಿನಲ್ಲಿ ಮೊದಲು ವಿಮಾನ ಹಾರಿಸಿದವರು ಅನ್ನೋ ಹೆಸರು ಅವರದಾಯಿತು. ಆಗ ಅವರಿಗೆ 25 ವಯಸ್ಸು. ಪದೇ ಪದೇ ವಿಮಾನ ನೆಲಕ್ಕೆ ಬಡಿದು ಮುರಿಯುತ್ತಿತ್ತು, ಅಣ್ಣನ ಜೊತೆ ಮನಸ್ತಾಪವೂ ಆಯಿತು. 1911ರಲ್ಲಿ ಬೇರೆಯಾಗಿ ಸ್ವಂತ ಗ್ಯಾರೇಜ್ ಹಾಕಿದರು. ಅಲ್ಲಿಗೆ ಕೆಲಸಕ್ಕೆ ಬಂದ ವಿಲ್ಲಿ ಸ್ಯಾಂಡ್ಸ್ ಅನ್ನೋ ಮೆಕ್ಯಾನಿಕ್ ಮುಂದೆ ದಶಕಗಳ ಕಾಲ ಜೊತೆಗಿದ್ದರು. ಫರ್ಗುಸನ್ ಹೆಸರಿನಲ್ಲಿ ಬಂದ ಎಷ್ಟೋ ಕೆಲಸದಲ್ಲಿ ಸ್ಯಾಂಡ್ಸ್ ಕೈ ಇದೆ, ಇದನ್ನು ಹೇಳದೇ ಮುಂದೆ ಹೋದರೆ ತಪ್ಪಾಗುತ್ತೆ.

ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತಿದ್ದ ಕಾಲ

ಮೊದಲ ಮಹಾಯುದ್ಧದ ಸಮಯದಲ್ಲಿ ಬ್ರಿಟನ್ನಿನಲ್ಲಿ ಆಹಾರದ ಕೊರತೆ. 1917ರಲ್ಲಿ ಐರ್ಲೆಂಡಿನ ಕೃಷಿ ಮಂಡಳಿ ಫರ್ಗುಸನ್ ಅವರನ್ನು ಕರೆದು, ಟ್ರ್ಯಾಕ್ಟರುಗಳಿಂದ ಸರಿಯಾಗಿ ಕೆಲಸ ತೆಗೆಯುವ ದಾರಿ ನೋಡಿ ಅಂತ ಕೇಳಿತು. ಅವರು ಸ್ಯಾಂಡ್ಸ್ ಜೊತೆ ಊರೂರು ಸುತ್ತಿದರು. ಹೊಲಗಳಲ್ಲಿ ನಿಂತು ಟ್ರ್ಯಾಕ್ಟರ್ ಹೇಗೆ ಓಡುತ್ತೆ, ಎಲ್ಲಿ ಕೆಡುತ್ತೆ, ಚಾಲಕ ಎಲ್ಲಿ ಒದ್ದಾಡುತ್ತಾನೆ ಅಂತ ನೋಡಿದರು. ನಾವು ಇವತ್ತು ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಫೀಲ್ಡ್ ಸ್ಟಡಿ ಅಂತ ಬರೀತೀವಲ್ಲ, ಅದನ್ನು ಅವರು ಬೂಟಿಗೆ ಕೆಸರು ಮೆತ್ತಿಕೊಂಡು ಮಾಡಿದ್ದರು.

ಅವರಿಗೆ ಕಂಡಿದ್ದು ಏನು? ಆಗ ಕುದುರೆಯ ಜಾಗದಲ್ಲಿ ಟ್ರ್ಯಾಕ್ಟರ್ ಬಂದಿತ್ತು, ಅಷ್ಟೇ. ಕುದುರೆಗೆ ಕಟ್ಟಿದ ಹಾಗೆ ನೇಗಿಲನ್ನು ಹಿಂದೆ ಸರಪಳಿಯಲ್ಲೋ ಕೊಕ್ಕೆಯಲ್ಲೋ ಎಳೆಯುತ್ತಿದ್ದರು. ನೇಗಿಲು ಮಣ್ಣಿನೊಳಗಿನ ಬಂಡೆಗೋ ಬೇರಿಗೋ ಸಿಕ್ಕಿದರೆ ಕುದುರೆ ನಿಲ್ಲುತ್ತೆ. ಎಂಜಿನ್ ನಿಲ್ಲಲ್ಲ. ಹಿಂದಿನ ಚಕ್ರ ಮುಂದೆ ಹೋಗೋಕೆ ಆಗದೇ ಹೋದಾಗ, ಆ ಟಾರ್ಕ್ ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಆಕ್ಸಲ್ ಸುತ್ತ ತಿರುಗಿಸುತ್ತೆ. ಮುಂಭಾಗ ಕುದುರೆ ಎದ್ದ ಹಾಗೆ ಮೇಲೇಳುತ್ತೆ, ಕಣ್ಣು ಮಿಟುಕಿಸುವುದರೊಳಗೆ ಮಗುಚಿ ಚಾಲಕನ ಮೇಲೆ ಬೀಳುತ್ತೆ. ಅದೇ 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರ್ ಅಗ್ಗವಾಗಿತ್ತು, ಬಹಳ ಮಾರಾಟವೂ ಆಯಿತು. ಹೀಗೆ ಮಗುಚಿ ಜೀವ ತೆಗೆಯುವ ಕೆಟ್ಟ ಹೆಸರೂ ಅದಕ್ಕೆ ಅಂಟಿಕೊಂಡಿತು.

ಇದಕ್ಕೆ ಆಗಿನ ಬೇರೆಯವರ ಉತ್ತರ, ಟ್ರ್ಯಾಕ್ಟರನ್ನು ಇನ್ನಷ್ಟು ಭಾರ ಮಾಡುವುದು. ಭಾರ ಮಾಡಿದರೆ ಮಣ್ಣು ಗಟ್ಟಿಯಾಗುತ್ತೆ, ಎಣ್ಣೆ ಜಾಸ್ತಿ ಬೇಕು, ಬೆಲೆಯೂ ಜಾಸ್ತಿ. ಸಣ್ಣ ಹಿಡುವಳಿಯ ರೈತ ಕೊಳ್ಳೋಕೆ ಆಗಲ್ಲ. ಫರ್ಗುಸನ್ ಯೋಚನೆ ಬೇರೆ ದಾರಿ ಹಿಡಿಯಿತು. ನೇಗಿಲನ್ನು ಎಳೆಯೋದು ಬೇಡ, ಟ್ರ್ಯಾಕ್ಟರಿನ ಅಂಗವನ್ನಾಗಿ ಮಾಡೋಣ ಅಂತ.

ಮೂರು ತೋಳಿನ ಲೆಕ್ಕ

ಮೊದಲ ವರ್ಷ ಎಲ್ಲರೂ ಫ್ರೀ ಬಾಡಿ ಡಯಾಗ್ರಾಂ ಬರೆದಿದ್ದೇವೆ, ಹಾಗಾಗಿ ಇದು ಕಷ್ಟ ಆಗಲ್ಲ. ಕೆಳಗೆ ಎರಡು ತೋಳು, ಮೇಲೆ ಮಧ್ಯದಲ್ಲಿ ಒಂದು. ನೇಗಿಲು ಮಣ್ಣಿನಲ್ಲಿ ಹೋಗುವಾಗ ಮಣ್ಣು ಅದನ್ನು ಹಿಂದಕ್ಕೆ ತಳ್ಳುತ್ತೆ. ಆ ಬಲ ಕೆಳಗಡೆ ಬೀಳೋದರಿಂದ ನೇಗಿಲಿನ ಮೇಲ್ಭಾಗ ಮುಂದಕ್ಕೆ ವಾಲೋಕೆ ನೋಡುತ್ತೆ. ಕೆಳಗಿನ ಎರಡು ತೋಳು ಎಳೆತದಲ್ಲಿರುತ್ತವೆ, ಮೇಲಿನ ಟಾಪ್ ಲಿಂಕ್ ಒತ್ತಡದಲ್ಲಿರುತ್ತೆ. ಅಂದರೆ ಟಾಪ್ ಲಿಂಕ್ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ, ಮುಂದಿನ ಚಕ್ರ ನೆಲ ಬಿಡದ ಹಾಗೆ ನೋಡಿಕೊಳ್ಳುತ್ತೆ. ನೇಗಿಲಿನ ಭಾರ, ನೇಗಿಲ ಮೇಲೆ ಬೀಳುವ ಮಣ್ಣಿನ ಭಾರ ಎರಡೂ ಹಿಂದಿನ ಚಕ್ರಕ್ಕೆ ಸೇರಿ ಹಿಡಿತ ಜಾಸ್ತಿ ಮಾಡುತ್ತವೆ. ಯಾವ ಬಲ ಮೊದಲು ಟ್ರ್ಯಾಕ್ಟರನ್ನು ಮಗುಚುತ್ತಿತ್ತೋ ಅದೇ ಬಲ ಈಗ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತೆ.

ಇಷ್ಟಕ್ಕೇ ಮುಗಿಯಲಿಲ್ಲ. ಟಾಪ್ ಲಿಂಕಿನ ಬುಡದಲ್ಲಿ ಒಂದು ಸ್ಪ್ರಿಂಗ್ ಇಟ್ಟರು. ಮಣ್ಣು ಗಟ್ಟಿ ಸಿಕ್ಕರೆ ಸ್ಪ್ರಿಂಗ್ ಒತ್ತಿಕೊಳ್ಳುತ್ತೆ, ಅದು ಹೈಡ್ರಾಲಿಕ್ ವಾಲ್ವನ್ನು ಸರಿಸುತ್ತೆ, ನೇಗಿಲು ಸ್ವಲ್ಪ ಮೇಲೆ ಬರುತ್ತೆ. ಮಣ್ಣು ಸಡಿಲ ಸಿಕ್ಕರೆ ಮತ್ತೆ ಕೆಳಗೆ. ನೇಗಿಲು ಬಂಡೆಗೆ ಬಡಿದರೆ ವಾಲ್ವ್ ಒಮ್ಮೆಲೇ ಸರಿದು ಹಿಂದಿನ ಚಕ್ರದ ಮೇಲಿನ ಭಾರ ಇಳಿಯುತ್ತೆ, ಚಕ್ರ ಸುಮ್ಮನೆ ತಿರುಗುತ್ತೆ, ಟ್ರ್ಯಾಕ್ಟರ್ ಮಗುಚಲ್ಲ. ಕಂಪ್ಯೂಟರ್, ಸೆನ್ಸರ್ ಏನೂ ಇಲ್ಲದ ಕಾಲದಲ್ಲಿ ಇದು ಪೂರ್ತಿ ಫೀಡ್‌ಬ್ಯಾಕ್ ಕಂಟ್ರೋಲ್. ಇದರ ಪೇಟೆಂಟಿಗೆ ಅರ್ಜಿ ಹಾಕಿದ್ದು 1925ರಲ್ಲಿ. ಸ್ಯಾಂಡ್ಸ್ ಮತ್ತು ಆರ್ಚಿ ಗ್ರೀರ್ ಎಂಬ ಇನ್ನೊಬ್ಬ ಸಹೋದ್ಯೋಗಿ ಜೊತೆ ವರ್ಷಗಟ್ಟಲೆ ತಿದ್ದಿ ತಿದ್ದಿ 1933ರಲ್ಲಿ ಕಪ್ಪು ಬಣ್ಣದ ಮೊದಲ ಪೂರ್ಣ ಮಾದರಿ ತಯಾರಾಯಿತು. ಅದು ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೂ ಇದಕ್ಕೂ ಸಂಬಂಧ ಇದೆ. ಒಂಬತ್ತು ಅಡಿ ಅಂತರದ ಎರಡು ಸಾಲಿನ ನಡುವೆ ಓಡಾಡುವ ಮಿನಿ ಟ್ರ್ಯಾಕ್ಟರ್ ಭಾರ ಇರೋ ಹಾಗಿಲ್ಲ, ಉದ್ದ ಇರೋ ಹಾಗಿಲ್ಲ. ಹಗ್ಗದಲ್ಲಿ ಎಳೆಯುವ ಉಪಕರಣ ಇದ್ದರೆ ಸಾಲಿನ ಕೊನೆಯಲ್ಲಿ ತಿರುಗಿಸೋಕೇ ಆಗಲ್ಲ. ಉಪಕರಣ ಎತ್ತಿಕೊಂಡು ನಿಂತಲ್ಲೇ ತಿರುಗುವುದು ಸಾಧ್ಯ ಆಗಿದ್ದು ಈ ಮೂರು ತೋಳಿನಿಂದ.

ಒಂದೇ ಪಾನಾ

1936ರಲ್ಲಿ ಇಂಗ್ಲೆಂಡಿನ ಡೇವಿಡ್ ಬ್ರೌನ್ ಜೊತೆ ಸೇರಿ ಫರ್ಗುಸನ್ ಬ್ರೌನ್ ಟ್ರ್ಯಾಕ್ಟರ್ ಮಾರುಕಟ್ಟೆಗೆ ಬಂತು. ಬೆಲೆ 224 ಪೌಂಡ್. ಫೋರ್ಡ್‌ಸನ್‌ಗಿಂತ ದುಬಾರಿ, ಮಾರಾಟವಾಗಿದ್ದು 1,350 ಆಸುಪಾಸು. ಲೆಕ್ಕದಲ್ಲಿ ಸೋಲೇ. ಇನ್ನೂ ದೊಡ್ಡ ಟ್ರ್ಯಾಕ್ಟರ್ ಮಾಡೋಣ ಅಂತ ಬ್ರೌನ್, ಒಂದು ಬೋಲ್ಟೂ ಬದಲಿಸಲ್ಲ ಅಂತ ಫರ್ಗುಸನ್. ಇಬ್ಬರೂ ಬೇರೆಯಾದರು.

ಬದಲಿಸಲ್ಲ ಅನ್ನೋ ಹಟದ ಹಿಂದೆ ಒಂದು ಲೆಕ್ಕ ಇತ್ತು. ಆ ಕಾಲದ ಬ್ರಿಟಿಷ್ ಯಂತ್ರದ ಜೊತೆ ಪಾನಾಗಳ ದೊಡ್ಡ ಕಟ್ಟೇ ಬೇಕಾಗುತ್ತಿತ್ತು. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಮರೆಗೆ ಒಂದು ಗುಣಮಟ್ಟ ತಂದು ದೊಡ್ಡ ಉಪಕಾರ ಮಾಡಿದ್ದರು, ನಿಜ. ಆದರೆ ಅವರ ಪದ್ಧತಿಯಲ್ಲಿ ಪಾನಾದ ಮೇಲಿರುವ ಸಂಖ್ಯೆ ಪಾನಾದ ಬಾಯಿಯ ಅಳತೆ ಅಲ್ಲ, ಬೋಲ್ಟಿನ ವ್ಯಾಸ. ಅರ್ಧ ಇಂಚು ಅಂತ ಬರೆದ ವಿಟ್‌ವರ್ತ್ ಪಾನಾದ ಬಾಯಿ ಸುಮಾರು ಇಪ್ಪತ್ಮೂರುವರೆ ಮಿ.ಮೀ. ಇರುತ್ತೆ. ಅಮೆರಿಕದ ಪಾನಾದ ಮೇಲೆ ಬಾಯಿಯ ಅಳತೆಯೇ ಇರುತ್ತೆ. ಎರಡೂ ಇಂಚೇ, ಎರಡೂ ಬೇರೆ. ಹೊಲದ ನಡುವೆ ನಿಂತ ರೈತ ಇದನ್ನೆಲ್ಲಾ ಎಲ್ಲಿಂದ ನೆನಪಿಟ್ಟುಕೊಳ್ಳಬೇಕು?

ಫರ್ಗುಸನ್ ಇದನ್ನು ವಿನ್ಯಾಸದ ಮೇಜಿನ ಮೇಲೇ ಬಗೆಹರಿಸಿದರು. ಉಪಕರಣ ಸಿಕ್ಕಿಸೋಕೆ ಬಿಚ್ಚೋಕೆ ಪಾನಾನೇ ಬೇಡ, ಪಿನ್ ಸಾಕು. ಹೊಲದಲ್ಲಿ ದಿನಾ ಮಾಡುವ ಹೊಂದಾಣಿಕೆಗೆ ಎರಡೇ ಅಳತೆಯ ನಟ್ಟು. ಟ್ರ್ಯಾಕ್ಟರ್ ಜೊತೆ ಒಂದೇ ಪಾನಾ ಕೊಡುತ್ತಿದ್ದರು. ಅದರ ಒಂದು ತುದಿ 11/16 ಇಂಚು, ಇನ್ನೊಂದು ತುದಿ 1 1/16 ಇಂಚು. ಹಿಡಿಕೆ ಮೇಲೆ ಇಂಚಿನ ಗೆರೆಗಳು ಇರುತ್ತಿದ್ದವು. ನೇಗಿಲು ಎಷ್ಟು ಅಗಲಕ್ಕೆ ಕೂತಿದೆ ಅಂತ ಅಳೆಯೋಕೆ ಅದೇ ಸ್ಕೇಲು. ಎಂಜಿನ್ ಬಿಚ್ಚಿ ಓವರ್‌ಹಾಲ್ ಮಾಡೋಕೆ ಬೇರೆ ಪಾನಾಗಳು ಬೇಕೇ ಬೇಕು, ಅದು ಗ್ಯಾರೇಜಿನ ಕೆಲಸ. ಆದರೆ ಹೊಲದಲ್ಲಿ ಒಬ್ಬನೇ ಇರುವಾತನ ಜೇಬಿನಲ್ಲಿ ಒಂದು ಪಾನಾ ಇದ್ದರೆ ಸಾಕು ಅನ್ನೋದು ಅವರ ನಿಯಮ. ಅಳತೆ ಹೆಚ್ಚಿಸದೇ ಇರೋದಕ್ಕೆ ಡಿಸೈನರ್ ಎಷ್ಟು ಸಲ ಡ್ರಾಯಿಂಗ್ ತಿದ್ದಬೇಕು ಅಂತ ಕ್ಯಾಡ್ ಲ್ಯಾಬಿನಲ್ಲಿ ಕೂತವರಿಗೆ ಗೊತ್ತಾಗುತ್ತೆ.

ಕೈ ಕುಲುಕಿ ಆದ ಒಪ್ಪಂದ

1938ರ ಅಕ್ಟೋಬರಿನಲ್ಲಿ ಫರ್ಗುಸನ್ ತಮ್ಮ ಟ್ರ್ಯಾಕ್ಟರ್ ತಗೊಂಡು ಅಮೆರಿಕದ ಡಿಯರ್‌ಬಾರ್ನ್‌ಗೆ ಹೋದರು. ಹೆನ್ರಿ ಫೋರ್ಡ್ ಮುಂದೆ ಹೊಲ ಉತ್ತು ತೋರಿಸಿದರು. ಆಮೇಲೆ ಮೇಜಿನ ಮೇಲೆ ಸ್ಪ್ರಿಂಗಿನಿಂದ ಓಡುವ ಸಣ್ಣ ಆಟಿಕೆಯಂಥ ಮಾದರಿ ಇಟ್ಟು ತತ್ವ ವಿವರಿಸಿದರು. ಫೋರ್ಡ್ ಒಪ್ಪಿದರು. ಫೋರ್ಡ್ ತಯಾರಿಸೋದು, ಫರ್ಗುಸನ್ ವಿನ್ಯಾಸ ಮತ್ತು ಮಾರಾಟ ನೋಡಿಕೊಳ್ಳೋದು. ಕಾಗದ ಇಲ್ಲ, ಸಹಿ ಇಲ್ಲ. ಇಬ್ಬರೂ ಕೈ ಕುಲುಕಿದರು, ಅಷ್ಟೇ. 1939ರಲ್ಲಿ ಬಂದ ಆ ಟ್ರ್ಯಾಕ್ಟರ್ ಎಂಟು ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ತಯಾರಾಯಿತು.

ಆದರೆ ಮುದುಕರಾದ ಫೋರ್ಡ್ ಅಧಿಕಾರ ಬಿಟ್ಟು ಮೊಮ್ಮಗ ಬಂದ ಮೇಲೆ ಒಪ್ಪಂದ ಮುರಿದುಬಿತ್ತು. 1947ರಲ್ಲಿ ಫೋರ್ಡ್ ಕಂಪನಿ ಅದೇ ವ್ಯವಸ್ಥೆ ಇಟ್ಟುಕೊಂಡು ತನ್ನದೇ ಟ್ರ್ಯಾಕ್ಟರ್ ಬಿಟ್ಟಿತು. ಫರ್ಗುಸನ್ 1948ರ ಜನವರಿಯಲ್ಲಿ 25 ಕೋಟಿ ಡಾಲರ್‌ಗೂ ಮೀರಿದ ಮೊತ್ತಕ್ಕೆ ದಾವೆ ಹೂಡಿದರು. ನಾಲ್ಕು ವರ್ಷ ಎಳೆದಾಡಿದ ಮೇಲೆ 1952ರ ಏಪ್ರಿಲಿನಲ್ಲಿ ರಾಜಿಯಾಗಿ ಕೈಗೆ ಬಂದಿದ್ದು 92.5 ಲಕ್ಷ ಡಾಲರ್. ಕೈ ಕುಲುಕಿದ್ದಕ್ಕೆ ಸಾಕ್ಷಿ ಇರಲಿಲ್ಲ, ಅವರ ಕೈ ಹಿಡಿದಿದ್ದು ಪೇಟೆಂಟ್ ಕಾಗದ. ಸ್ಟಾರ್ಟಪ್ ಕನಸು ಕಾಣುವ ನಮ್ಮ ಗೆಳೆಯರು ಈ ಒಂದು ಪ್ಯಾರಾ ಇನ್ನೊಮ್ಮೆ ಓದಿಕೊಳ್ಳಬಹುದು.

ಈ ಜಗಳದ ನಡುವೆಯೇ ಅವರು ಸುಮ್ಮನೆ ಕೂರಲಿಲ್ಲ. 1946ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ಕಾರ್ಖಾನೆಯಿಂದ ಟಿಇ20 ಹೊರಬಂತು. ಬೂದು ಬಣ್ಣ, ಸುಮಾರು 1,100 ಕೆಜಿ ತೂಕ. 1956ರ ತನಕ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. 1958ರ ಜನವರಿ 4ರಂದು ಎಡ್ಮಂಡ್ ಹಿಲರಿ ತಂಡ ದಕ್ಷಿಣ ಧ್ರುವ ತಲುಪಿದ್ದು ಪಟ್ಟಿ ಜೋಡಿಸಿದ ಇದೇ ಟ್ರ್ಯಾಕ್ಟರುಗಳಲ್ಲಿ. ಹತ್ತಿರದಲ್ಲಿ ಗ್ಯಾರೇಜ್ ಇಲ್ಲದ ಜಾಗ ಅಂದರೆ ಅದಕ್ಕಿಂತ ಇನ್ನೊಂದಿಲ್ಲ.

1953ರಲ್ಲಿ ಅವರ ಕಂಪನಿ ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ವಿಲೀನವಾಯಿತು. ಬೆಲೆಯಲ್ಲಿ ಹತ್ತು ಲಕ್ಷ ಡಾಲರ್ ವ್ಯತ್ಯಾಸ ಬಂದಾಗ ನಾಣ್ಯ ಚಿಮ್ಮಿಸಿ ತೀರ್ಮಾನ ಮಾಡಿದರು, ಫರ್ಗುಸನ್ ಸೋತರು. ಮಾರನೇ ವರ್ಷ ಆ ಕಂಪನಿಯಿಂದಲೂ ಹೊರಬಂದರು. ಕೊನೆಯ ವರ್ಷಗಳಲ್ಲಿ ಕಾರಿಗೆ ನಾಲ್ಕು ಚಕ್ರದ ಚಾಲನೆ ತರುವ ಪ್ರಯೋಗದಲ್ಲಿದ್ದರು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಮನೆಯಲ್ಲಿ ತೀರಿಕೊಂಡರು. ಮರುವರ್ಷ ಅವರ ಕಂಪನಿಯ ಪಿ99 ರೇಸ್ ಕಾರನ್ನು ಓಡಿಸಿ ಸ್ಟರ್ಲಿಂಗ್ ಮಾಸ್ ಗೆದ್ದರು. ನೋಡೋಕೆ ಅವರಿರಲಿಲ್ಲ. ಮದ್ರಾಸಿನಲ್ಲಿ ಟಾಫೆ ಕಂಪನಿ ಮ್ಯಾಸಿ ಫರ್ಗುಸನ್ ಸಹಯೋಗದಲ್ಲಿ ಶುರುವಾಗಿದ್ದೂ ಅದೇ 1960ರಲ್ಲಿ. ನಮ್ಮೂರುಗಳಿಗೆ ಮ್ಯಾಸಿ ಬಂದಿದ್ದು ಆ ದಾರಿಯಲ್ಲಿ.

ಈಗ ಸರಿಯಾದ ಪಾನಾ ಯಾವುದು?

ಇಷ್ಟೆಲ್ಲಾ ಮಾಡಿದವರ ಸಂತತಿಯ ಟ್ರ್ಯಾಕ್ಟರ್ ಬಿಚ್ಚೋಕೆ ಈಗ ಪಾನಾ ಯಾಕೆ ಸಿಗಲ್ಲ? ಅವರ ಅಳತೆ ಇಂಚಿನದು. ಭಾರತ 1956ರ ಕಾಯ್ದೆಯಿಂದ ಮೆಟ್ರಿಕ್ ಕಡೆ ಹೊರಟಿತು. ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗೋದು ಮಿ.ಮೀ. ಸೆಟ್. ಒಂದು ಇಂಚು ಅಂದರೆ 25.4 ಮಿ.ಮೀ. ಲೆಕ್ಕ ಹಾಕಿ ನೋಡಿ. 1 1/16 ಇಂಚು ಅಂದರೆ 26.99 ಮಿ.ಮೀ., 27ರ ಪಾನಾ ಚೆನ್ನಾಗಿ ಕೂರುತ್ತೆ. 3/4 ಇಂಚು ಅಂದರೆ 19.05, 19ರ ಪಾನಾ ಬಹುತೇಕ ಕೂರುತ್ತೆ, ಸ್ವಲ್ಪ ಬಿಗಿ. ಆದರೆ 11/16 ಇಂಚು ಅಂದರೆ 17.46 ಮಿ.ಮೀ. 17 ಹೋಗಲ್ಲ, 18 ಹಾಕಿದರೆ ಅರ್ಧ ಮಿ.ಮೀ.ಗೂ ಹೆಚ್ಚು ಸಡಿಲ. ಆಗ ಒತ್ತಡ ನಟ್ಟಿನ ಮುಖದ ಮೇಲೆ ಬೀಳದೇ ಮೂಲೆ ಮೇಲೆ ಬೀಳುತ್ತೆ. ಗ್ಯಾರೇಜಿನಲ್ಲಿ ಜಾರುವ ನಟ್ಟಿನ ಗುಟ್ಟು ಇದೇ.

ಹಾಗಾಗಿ ರಜೆಗೆ ಊರಿಗೆ ಹೋದಾಗ ಮನೆಯವರೋ ಪಕ್ಕದವರೋ ಹಳೇ ಟ್ರ್ಯಾಕ್ಟರ್ ಬಿಚ್ಚುತ್ತಿದ್ದರೆ ನಾವು ಮಾಡಬಹುದಾದ್ದು ಇಷ್ಟು. ಮೊದಲು ತುಕ್ಕು, ಗ್ರೀಸ್ ಒರೆಸಿ. ವರ್ನಿಯರ್‌ನಲ್ಲಿ ನಟ್ಟಿನ ಎದುರುಬದುರು ಮುಖಗಳ ನಡುವಿನ ಅಳತೆ ತಗೊಳ್ಳಿ, ಮೂಲೆಯಿಂದ ಮೂಲೆಗೆ ಅಲ್ಲ. ಬೋಲ್ಟ್ ತಲೆ ನೋಡಿ. 8.8 ಅಥವಾ 10.9 ಅಂತ ಇದ್ದರೆ ಮೆಟ್ರಿಕ್, ಮಧ್ಯದಿಂದ ಹೊರಟ ಮೂರು ಅಥವಾ ಆರು ಗೆರೆ ಇದ್ದರೆ ಇಂಚಿನದು. ಒಂದೇ ಟ್ರ್ಯಾಕ್ಟರಿನಲ್ಲಿ ಎರಡೂ ಇರಬಹುದು, ಯಾಕೆಂದರೆ ಇಷ್ಟು ವರ್ಷದಲ್ಲಿ ಎಷ್ಟೋ ಬೋಲ್ಟ್ ಬದಲಾಗಿರುತ್ತವೆ. ಇಂಚಿನದು ಅಂತ ಖಾತ್ರಿಯಾದರೆ ಇಂಚಿನ ರಿಂಗ್ ಪಾನಾನೇ ತನ್ನಿ, ಆರು ಮೂಲೆಯದಾದರೆ ಇನ್ನೂ ಒಳ್ಳೆಯದು. ಹಿಡಿದುಕೊಂಡ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿರಿ. ಹೊಸ ಬೋಲ್ಟ್ ಹಾಕುವಾಗ ಮರೆಯ ಅಳತೆಯನ್ನೂ ನೋಡಿ. ಇಂಚಿನ ನಟ್ಟಿಗೆ ಮಿ.ಮೀ. ಬೋಲ್ಟ್ ಎರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತೆ, ಆಮೇಲೆ ಎರಡೂ ಹಾಳು.

ಫರ್ಗುಸನ್ ಇಂಚು ಪೂರ್ತಿ ಹೋಗಿಲ್ಲ ಅನ್ನೋದನ್ನೂ ಗಮನಿಸಿ. ಸಣ್ಣ ಟ್ರ್ಯಾಕ್ಟರುಗಳ ಮೂರು ತೋಳಿಗೆ ಈಗ ಅಂತರರಾಷ್ಟ್ರೀಯ ಗುಣಮಟ್ಟ ಇದೆ, ಐಎಸ್‌ಒ 730. ಅದರ ಮೊದಲನೇ ವರ್ಗದಲ್ಲಿ ಟಾಪ್ ಲಿಂಕ್ ಪಿನ್ 19 ಮಿ.ಮೀ., ಕೆಳಗಿನ ಪಿನ್ 22 ಮಿ.ಮೀ. ಮುಕ್ಕಾಲು ಇಂಚು, ಏಳೆಂಟಾಂಶ ಇಂಚು ಹೆಸರು ಬದಲಿಸಿಕೊಂಡು ಕೂತಿವೆ ಅಷ್ಟೇ. ಅದರಿಂದಲೇ ಹೊನ್ನಾಳಿಯಲ್ಲಿ ಕೊಂಡ ಕುಂಟೆ ಯಾವ ಕಂಪನಿಯ ಟ್ರ್ಯಾಕ್ಟರಿಗಾದರೂ ಸಿಕ್ಕಿಕೊಳ್ಳುತ್ತೆ, ನ್ಯಾಮತಿಯಲ್ಲಿ ಬಾಡಿಗೆಗೆ ತಂದ ರೋಟವೇಟರ್ ಪಕ್ಕದ ಮನೆಯ ಟ್ರ್ಯಾಕ್ಟರಿಗೂ ಆಗುತ್ತೆ. ಇದನ್ನು ನಾವು ಸಹಜ ಅಂದುಕೊಂಡಿದ್ದೇವೆ. ಮೊಬೈಲ್ ಚಾರ್ಜರಿಗೆ ಇಂಥ ಒಪ್ಪಂದ ಬರೋಕೆ ಎಷ್ಟು ವರ್ಷ ಬೇಕಾಯಿತು ಅಂತ ನೆನೆದರೆ ಇದರ ಬೆಲೆ ಗೊತ್ತಾಗುತ್ತೆ.

ಫರ್ಗುಸನ್ ಸುಲಭದ ಮನುಷ್ಯ ಆಗಿರಲಿಲ್ಲ. ಅಣ್ಣ, ಬ್ರೌನ್, ಫೋರ್ಡ್ ಕಂಪನಿ, ಮ್ಯಾಸಿ, ಎಲ್ಲರ ಜೊತೆಯೂ ಮುರಿದುಕೊಂಡರು. ಆದರೆ ಹೊಲದಲ್ಲಿ ಒಬ್ಬನೇ ನಿಂತು ನಟ್ಟು ತಿರುಗಿಸುವವನ ವಿಷಯದಲ್ಲಿ ಮಾತ್ರ ಎಂದೂ ರಾಜಿ ಮಾಡಿಕೊಳ್ಳಲಿಲ್ಲ. ನಾವು ಕ್ಯಾಡ್‌ನಲ್ಲಿ ಲೈಬ್ರರಿ ತೆರೆದು ಎಂ6, ಎಂ8, ಎಂ10 ಅಂತ ಕೈಗೆ ಸಿಕ್ಕ ಬೋಲ್ಟ್ ಎಳೆದು ಹಾಕುತ್ತೇವೆ. ಹೊಸ ಅಳತೆ ಒಂದೊಂದಕ್ಕೂ ಯಾರದೋ ಜೇಬಿನಲ್ಲಿ ಒಂದು ಪಾನಾ ಹೆಚ್ಚಾಗುತ್ತೆ. ಈ ಸೆಮಿಸ್ಟರಿನ ಮಿನಿ ಪ್ರಾಜೆಕ್ಟ್ ಮುಗಿಸುವ ಮುಂಚೆ ನಮ್ಮ ಅಸೆಂಬ್ಲಿಯಲ್ಲಿ ಎಷ್ಟು ಅಳತೆಯ ಬೋಲ್ಟ್ ಇವೆ ಅಂತ ಒಮ್ಮೆ ಎಣಿಸೋಣ. ಎರಡಕ್ಕೆ ಇಳಿಸೋಕೆ ಆಗುತ್ತಾ ನೋಡೋಣ.